ಬಿಳಿ ಕಂಬಿಯ ಈಚೆ

ಮೊದಲು ಕಣ್ಣಿಗೂ ಅಲ್ಲ ಕಿವಿಗೂ ಅಲ್ಲ, ಅಂಗಾಲಿಗೆ ತಿಳಿಯುತ್ತದೆ, ನೆಲದೊಳಗಿಂದ ಯಾರೋ ಗುದ್ದಿದ ಹಾಗೆ, ಆಮೇಲೆ ನಾನು ಹಿಡಿದಿರುವ ಈ ಬಿಳಿ ಕಂಬಿ ಸಣ್ಣಗೆ ನಡುಗುತ್ತದೆ, ಆಮೇಲೆ ಮಂಜನ್ನು ಸೀಳಿಕೊಂಡು ಒಂದು ಕುದುರೆ, ಅದರ ಹಿಂದೆ ಇನ್ನೊಂದು, ಮತ್ತೊಂದು — ಮೂಗಿನಿಂದ ಹೊಗೆ, ಒದ್ದೆ ಚರ್ಮ, ಹಳೇ ಬಟ್ಟೆ ಹರಿದಂತೆ ಉಸಿರು — ಅಷ್ಟೇ, ಹೋದವು, ಹಾರಿದ ಮಣ್ಣಿನ ಹೆಂಟೆ ನನ್ನ ಹೊಸ ಶಾಲಿನ ಮೇಲೆ. ಅಮ್ಮ ಹಿಂದೆ ಬಾ, ಅನ್ನುತ್ತಾಳೆ ಮಗಳು, ಅವಳಿಗೇನು, ಚಿಕ್ಕಂದಿನಿಂದ ಅಪ್ಪನ ಜೊತೆ ಬಂದು ಅಭ್ಯಾಸ, ಎಲ್ಲಿ ನಿಲ್ಲಬೇಕು ಎಲ್ಲಿ ನಿಲ್ಲಬಾರದು ಗೊತ್ತು. ನಾನು ಬಂದದ್ದು ಒಂದೇ ಸಲ, ಮದುವೆಯಾದ ಹೊಸದರಲ್ಲಿ, ಕಣ್ಣು ಮುಚ್ಚಿಕೊಂಡೇ ಕೂತಿದ್ದೆ, ಜನ ಎದ್ದು ಕೂಗಿದಾಗ ಇವರು ಗೆದ್ದರೋ ಬಿದ್ದರೋ ತಿಳಿಯದೆ ಪಕ್ಕದ ಹೆಂಗಸಿನ ತೋಳು ಚಿವುಟಿದ್ದೆ, ಗೆದ್ರು ಕಣಮ್ಮ ಬಿಡು ಅಂದಳು ಪಾಪ, ಆಮೇಲೆ ನಾನು ಬರಲಿಲ್ಲ. ಮನೆಯಲ್ಲಿ ಫೋನಿನ ಪಕ್ಕ ಕೂತೆ. ಬಟ್ಟೆ ಮಡಿಸಿದೆ, ಮಡಿಸಿದ್ದನ್ನೇ ಬಿಡಿಸಿ ಮತ್ತೆ ಮಡಿಸಿದೆ. ರಿಂಗಾದರೆ ಎದೆ ಧಸಕ್ಕನ್ನುತ್ತಿತ್ತು, ಆಗದಿದ್ದರೆ ಇನ್ನೂ ಧಸಕ್. ಇವರ ಭುಜದ ಮೂಳೆ ಮುರಿದಾಗ ಹೀಗೇ ಒಂದು ಮಧ್ಯಾಹ್ನ, ಏನೂ ಇಲ್ಲಮ್ಮ ಸ್ವಲ್ಪ ಜಾರಿದರು ಅಂದಿತ್ತು ಯಾರದೋ ದನಿ, ಸ್ವಲ್ಪ ಜಾರಿದರು, ಬಚ್ಚಲಲ್ಲಿ ಜಾರಿದ ಹಾಗೆ. ಇನ್ನು ಅದೆಲ್ಲ ಮುಗಿಯಿತು, ಹೋದ ಭಾನುವಾರ ಕೊನೆಯ ರೇಸು, ಅದರಲ್ಲೂ ಗೆದ್ದರು, ಇವತ್ತು ಸನ್ಮಾನ, ಮುಗಿಯಿತು, ಎಷ್ಟು ಸಲ ಹೇಳಿಕೊಂಡರೂ ಈ ಹಾಳು ಎದೆಗೆ ಯಾಕೆ ಕೇಳಿಸುತ್ತಿಲ್ಲ.

ಇವರ ಹಸಿವೂ ಮುಗಿಯಿತಲ್ಲ. ಆ ಹಸಿವಿನ ಜೊತೆ ಸಂಸಾರ ಮಾಡಿದವಳು ನಾನು. ಒಂದು ಮೊಟ್ಟೆಯಲ್ಲಿ ಅರ್ಧ, ಬಾಯಾರಿದರೆ ಮಂಜುಗಡ್ಡೆಯ ಚೂರು, ಕುದುರೆಗೆ ಭಾರವಾಗದ ಹಾಗೆ ತೂಕ ಇಳಿಯಲೆಂದು ಬೇಸಿಗೆಯಲ್ಲೂ ಸ್ವೆಟರ್ ಮೇಲೆ ಸ್ವೆಟರ್ ಹಾಕಿ ಓಡುವುದು, ಮಗಳಿಗೆ ಏನಾದರೂ ಕರಿದರೆ ಅಡುಗೆಮನೆ ಬಾಗಿಲು ಹಾಕಿ ಸಂದಿಗೆ ಒದ್ದೆ ಟವೆಲ್ ತುರುಕುತ್ತಿದ್ದೆ, ವಾಸನೆ ಇವರಿಗೆ ಹೋಗದಿರಲಿ ಅಂತ, ಇವರು ಆಚೆಯಿಂದ, ಏನೇ ಅದು, ಸುಮ್ಮನೆ ಹೇಳು ಸಾಕು, ನಾನು ತಿನ್ನಲ್ಲ. ಸೋಮವಾರ ಬೆಳಿಗ್ಗೆ ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಂಡು ತಿಂದರು, ನಾನು ಎದುರಿಗೆ ಕೂತು ನೋಡಿದೆ, ಮಗು ಮೊದಲ ಸಲ ನಡೆಯುವುದನ್ನು ನೋಡುವ ಹಾಗೆ. ಎರಡನೆಯ ತುಂಡು ಅರ್ಧಕ್ಕೇ ಬಿಟ್ಟು ಕಿಟಕಿಯಾಚೆ ನೋಡುತ್ತ ಕೂತರು. ಏನಾಯ್ತು ಅಂದೆ. ಏನಿಲ್ಲ, ಈ ಹೊತ್ತಿಗೆ ಎರಡು ಸುತ್ತು ಮುಗಿಸಿರ್ತಿದ್ವಿ ಅಂದರು.

ಅಪ್ಪ ಕುದುರೆ ಹತ್ತಿದ್ರು ನೋಡು, ಮಗಳು ಮೊಬೈಲು ಎತ್ತಿ ಹಿಡಿದಿದ್ದಾಳೆ. ಭಾಷಣಕ್ಕೆ ಮುಂಚೆ ಒಂದು ಸುತ್ತು, ನಿಧಾನಕ್ಕೆ, ಫೋಟೋಗೋಸ್ಕರ ಅಂತ ಕುದುರೆಗಳಿಗೆ ತರಬೇತಿ ಕೊಡುವ ಲಾಯದ ಯಜಮಾನರು ಹೇಳಿದ್ದರು, ಕೊರಳಿಗೆ ದುರ್ಬೀನು ನೇತುಹಾಕಿಕೊಂಡ ಆ ಮನುಷ್ಯ ನಗುವುದು ಕುದುರೆ ಗೆದ್ದಾಗ ಮಾತ್ರವಂತೆ. ಇವರು ಏರಿರುವುದು ಭಾನುವಾರ ಗೆದ್ದ ಆ ಕಂದು ಹೆಣ್ಣುಕುದುರೆ, ಲಾಯದವರೆಲ್ಲ ಅವಳನ್ನು ಅತ್ತೆ ಅನ್ನುತ್ತಾರೆ, ಹತ್ತಿರ ಹೋದವರನ್ನೆಲ್ಲ ಕಚ್ಚುತ್ತಾಳೆ, ಎದುರು ಮಾತಾಡುವ ಧೈರ್ಯ ಯಾರಿಗೂ ಇಲ್ಲ. ಇವರಿಗೆ ಮಾತ್ರ ಕಿವಿ ಕೊಡುತ್ತಾಳೆ, ಒಂದು ಕಿವಿ ಹಿಂದಕ್ಕೆ ತಿರುಗಿಸಿ, ಇವರು ಅದರೊಳಗೆ ಏನೋ ಹೇಳುತ್ತಿದ್ದಾರೆ, ತುಟಿ ಆಡುತ್ತಿದೆ, ಮನೆಯಲ್ಲಿ ಹೂಂ ಉಹೂಂ ಬಿಟ್ಟರೆ ಮಾತಿಲ್ಲದ ಗಂಡಸು — ನಿಧಾನಕ್ಕೆ ಅಂದಿದ್ದರಲ್ಲ, ಇದು ನಿಧಾನವೇ, ನೆಲ ಮತ್ತೆ ಗುದ್ದುತ್ತಿದೆ, ಬಂದರು, ಬೆನ್ನು ಬಾಗಿ ಕುದುರೆಯ ಕತ್ತಿಗೆ ಅಂಟಿದೆ, ಮುಖ ಕಂಡಿತು, ಒಂದೇ ಕ್ಷಣ, ಯಾರಿದು. ನನಗೆ ಗೊತ್ತಿಲ್ಲದ ಮುಖ. ಹಸಿವಿಲ್ಲ, ವಯಸ್ಸಿಲ್ಲ, ಯಾವ ನೋವೂ ಇಲ್ಲ, ಮದುವೆಯ ದಿನವೂ ಇರಲಿಲ್ಲ ಆ ಮುಖ, ಮಗಳು ಹುಟ್ಟಿದ ದಿನ ಅದರ ಹತ್ತಿರಕ್ಕೆ ಬಂದಿತ್ತೇನೋ. ಇದನ್ನು ಇಷ್ಟು ಕಾಲ ಇಲ್ಲಿಟ್ಟುಕೊಂಡಿದ್ದರೇ, ಈ ಮಂಜಿನಲ್ಲಿ, ಈ ಕಚ್ಚುವ ಅತ್ತೆಯ ಬಳಿ, ನಾನು ಅಲ್ಲಿ ಟವೆಲ್ ತುರುಕುತ್ತ ಕೂತಾಗ. ಹೊಟ್ಟೆಕಿಚ್ಚು ಅನ್ನಬೇಕೋ, ಖುಷಿ ಅನ್ನಬೇಕೋ, ಅಷ್ಟರಲ್ಲಿ ಅವರಾಗಲೇ ಆಚೆ ತಿರುವಿನ ಮಂಜಿನೊಳಗೆ.

ಆಗಲೇ ಅಲ್ಲವೇ, ವೇದಿಕೆಯ ಮೇಲೆ ಯಾರೋ ಮೈಕು ತಟ್ಟಿದ್ದು, ಹಲೋ ಹಲೋ, ನಮ್ಮೆಲ್ಲರ ಹೆಮ್ಮೆಯ ಜಾಕಿ — ಮೈದಾನದ ಸುತ್ತ ಕಂಬಕ್ಕೆ ಕಟ್ಟಿದ ಧ್ವನಿವರ್ಧಕಗಳೆಲ್ಲ ಒಟ್ಟಿಗೆ ಕೀಂಯ್ ಅಂದವು, ನಾನು ಕಿವಿ ಮುಚ್ಚಿಕೊಂಡೆ, ತೆಗೆದಾಗ ನೆಲದ ಗುದ್ದು ಬೇರೆಯಾಗಿತ್ತು, ಹಗುರ, ತಾಳ ತಪ್ಪಿದ್ದು. ಅತ್ತೆ ಬಂದಳು. ಒಬ್ಬಳೇ. ಜೀನು ಇದೆ, ಲಗಾಮು ನೆಲಕ್ಕೆ ಎಳೆಯುತ್ತಿದೆ, ಕಾಲೂರುವ ಎರಡು ರಿಕಾಪು ಖಾಲಿ, ಎರಡೂ ಎರಡು ದಿಕ್ಕಿಗೆ ಹಾರಿ ಹಾರಿ ಅವಳ ಪಕ್ಕೆಗೆ ಬಡಿಯುತ್ತಿವೆ. ಮಗಳು ಮೊಬೈಲು ಬೀಳಿಸಿದಳು. ಯಾರೋ ಓಡಿದರು, ಆಂಬುಲೆನ್ಸ್ ಹೊರಟಿತು, ಕಂಬಿ ಹಿಡಿದ ನನ್ನ ಕೈ ಮಾತ್ರ ಬಿಡಲೊಲ್ಲದು, ರಿಂಗಾಗುವ ಮನೆಯ ಫೋನಿಲ್ಲ ಇಲ್ಲಿ, ಏನೂ ಇಲ್ಲಮ್ಮ ಅನ್ನುವವರಿಲ್ಲ, ಬರೀ ಮಂಜು. ದೇವರೇ ಅಂದೆನೋ, ಬೈದೆನೋ. ಎಷ್ಟೋ ಹೊತ್ತಿನ ಮೇಲೆ ಬಿಳಿಯೊಳಗೆ ಒಂದು ಕಪ್ಪು ಚುಕ್ಕೆ, ಅದಕ್ಕೆ ಕಾಲು, ಕುಂಟುವ ಕಾಲು, ಆಂಬುಲೆನ್ಸಿನವರನ್ನು ಹೋಗ್ರಪ್ಪ ಹೋಗಿ ಅಂತ ಕೈಬೀಸಿ ಕಳಿಸುತ್ತ, ಮೊಣಕಾಲಿಗೆ ಹುಲ್ಲು ಮೆತ್ತಿಕೊಂಡು, ನಗುತ್ತ. ನಗುತ್ತ! ಎಲ್ಲ ಬಿಟ್ಟು ಸನ್ಮಾನದ ದಿನವೇ ನೆಲ ಕಾಣಿಸಿದ್ಲಲ್ಲೇ ಅತ್ತೆ, ಅಂದರು ನನ್ನ ಹತ್ತಿರ ಬಂದು. ಮೊಣಕೈ ತರಚಿತ್ತು, ಶಾಲಿನ ತುದಿಯಿಂದ ಒರೆಸಿದೆ.

ಆಮೇಲೆ ಕುರ್ಚಿ, ಹೂಗುಚ್ಛ, ಫಲಕ, ಇವರು ಗೆದ್ದ ಕಪ್ಪುಗಳ ಹೆಸರು ಓದಿದರು, ಮುಗಿಯಲೇ ಇಲ್ಲ, ಜನ ಎದ್ದು ನಿಂತು ಚಪ್ಪಾಳೆ, ನಿಜ ಹೇಳಬೇಕೆಂದರೆ ಕಣ್ಣು ತುಂಬಿತು ನನಗೂ. ಲಾಯದ ಯಜಮಾನರು ಮೈಕು ಹಿಡಿದು, ಇವರು ನಮ್ಮನ್ನ ಬಿಟ್ಟು ಹೋಗ್ತಿಲ್ಲ, ನಾಳೆಯಿಂದ ಹೊಸ ಕುದುರೆಗಳನ್ನ ಬೆಳಿಗ್ಗೆ ಇವರೇ ಓಡಿಸಿ ಪಳಗಿಸ್ತಾರೆ, ಅಂದರು, ಅಂದು ನಕ್ಕರು, ಯಾವ ಕುದುರೆಯೂ ಗೆಲ್ಲದೆ ನಕ್ಕರು. ಇವರು ನನ್ನ ಕಡೆ ನೋಡಲಿಲ್ಲ. ಫಲಕವನ್ನು ತೊಡೆಯ ಮೇಲೆ ತಿರುಗಿಸುತ್ತ, ತಗ್ಗಿದ ದನಿಯಲ್ಲಿ, ರೇಸಲ್ಲ ಕಣೇ, ಬೆಳಗಿನ ಓಟ ಅಷ್ಟೇ, ಹೇಳೋಣ ಅಂತಲೇ ಇದ್ದೆ. ಮಗಳು ನನ್ನ ಕೈ ಅದುಮಿದಳು, ಇವಳಿಗೂ ಗೊತ್ತಿತ್ತು ಹಾಗಾದರೆ. ಬೇಡ ಅನ್ನಬಹುದಿತ್ತು, ಅಂದರೆ ಬಿಟ್ಟುಬಿಡುತ್ತಿದ್ದರು, ಅದು ನನಗೆ ಗೊತ್ತು, ಬಿಟ್ಟು ಕಿಟಕಿಯ ಬಳಿ ಕೂರುತ್ತಿದ್ದರು, ಆ ಮುಖ ಇನ್ನು ಯಾರಿಗೂ ಸಿಗುತ್ತಿರಲಿಲ್ಲ. ಸರಿ, ಆದ್ರೆ ನಾನೂ ಬರ್ತೀನಿ, ದಿನಾ, ಮನೇಲಿ ಕೂತು ಕಾಯಲ್ಲ ಇನ್ಮೇಲೆ, ಅಂದೆ. ಈ ಚಳೀಲಾ ಅಂದರು. ಚಳೀಲೇ ಅಂದೆ. ನಕ್ಕರು, ಮನೆಯ ನಗು, ನನಗೆ ಗೊತ್ತಿರುವುದು. ಜನ ಚಪ್ಪಾಳೆ ತಟ್ಟುತ್ತಿದ್ದಾರೆ, ನಾನೂ ತಟ್ಟುತ್ತಿದ್ದೇನೆ, ಇವರು ಪಕ್ಕದಲ್ಲೇ ಇದ್ದಾರೆ, ಬೆಚ್ಚಗೆ, ಮಣ್ಣಿನ ವಾಸನೆ, ಮೊಣಕೈ ನನ್ನ ಮೊಣಕೈಗೆ ತಾಗುತ್ತಿದೆ, ಇದ್ದಾರೆ, ಇಲ್ಲೇ ಇದ್ದಾರೆ, ಆದರೂ ಮಂಜಿನಿಂದ ಬರುತ್ತಲೇ ಇದ್ದಾಳೆ ಅವಳು, ಒಬ್ಬಳೇ, ಮತ್ತೆ ಮತ್ತೆ ಒಬ್ಬಳೇ, ಖಾಲಿ ರಿಕಾಪು ಪಕ್ಕೆಗೆ ಬಡಿಯುತ್ತ, ಹಾರುತ್ತ, ಬಡಿಯುತ್ತ, ಖಾಲಿ