ಎಂಟು, ಮೂರು ಗಂಟೆಗೆ

"ಒಂಬತ್ತು. ಹನ್ನೆರಡು ಗಂಟೆಗೆ," ಎಂದಳು ಅಕ್ಕ, ದುರ್ಬೀನಿನಿಂದ ಕಣ್ಣು ಕೀಳದೆ.

ಹತ್ತಕ್ಕೆ ಒಂಬತ್ತು ಅಂಕ, ಬಾಣ ಹಳದಿ ವೃತ್ತದೊಳಗೇ ಬಿದ್ದಿದೆ, ಆದರೆ ಗಡಿಯಾರದಲ್ಲಿ ಹನ್ನೆರಡು ಇರುವ ಕಡೆ, ಮೇಲಕ್ಕೆ ನೆಟ್ಟಿದೆ ಎಂದರ್ಥ. ಗುರಿಹಲಗೆ ಇದ್ದದ್ದು ಎಪ್ಪತ್ತು ಮೀಟರ್ ಆಚೆ. ಬಿಲ್ಲು ಹಿಡಿದವರಲ್ಲಿ ಹೆಚ್ಚಿನವರಿಗೆ ಅಷ್ಟು ದೂರದಲ್ಲಿ ತಮ್ಮ ಬಾಣ ಬರಿಗಣ್ಣಿಗೆ ಕಾಣುವುದಿಲ್ಲ. ಹಿಂದೆ ನಿಂತವರು ದುರ್ಬೀನಿನಲ್ಲಿ ನೋಡಿ ಹೇಳಬೇಕು. ಅದನ್ನು ಕೇಳಿ, ಗುರಿ ಹಿಡಿಯಲು ಬಿಲ್ಲಿಗೆ ಕೂರಿಸಿದ ಸೈಟಿನ ತಿರುಪನ್ನು ಒಂದೆರಡು ಹಲ್ಲು ಸರಿಸಿ ಮುಂದಿನ ಬಾಣ ಬಿಡಬೇಕು. ತಂಗಿ ತಿರುಪಿನ ಮೇಲೆ ಬೆರಳಿಟ್ಟಳು, ತಲೆಯಾಡಿಸಿದಳು.

ಅಕ್ಕನಿಗೆ ಬಾಣ ಕಂಡಿರಲಿಲ್ಲ. ಹಳದಿ ವೃತ್ತ ಒಡೆದ ಮೊಟ್ಟೆಯ ಹಳದಿ ಲೋಳೆಯ ಹಾಗೆ ಕೆಂಪಿನೊಳಕ್ಕೆ ಹರಿದುಕೊಂಡಿತ್ತು. ಅವಳು ನೋಡಿದ್ದು ತಂಗಿಯ ಬಲಗೈಯನ್ನು. ದಾರ ಬಿಡುವಾಗ ಆ ಕೈ ಗಲ್ಲದ ಕೆಳಗೆ ಎತ್ತ ಜಾರುತ್ತದೆ, ಬಿಲ್ಲು ಹಿಡಿದ ಭುಜ ಎಷ್ಟು ಏಳುತ್ತದೆ ಎಂಬುದರ ಮೇಲೆ ಬಾಣ ಎಲ್ಲಿಗೆ ಹೋಗಿರಬೇಕೆಂದು ಲೆಕ್ಕ ಹಾಕುತ್ತಿದ್ದಳು. ಸುಮಾರು ಒಂದು ವರ್ಷದಿಂದ ಹೀಗೇ ನಡೆದಿತ್ತು. ಅಭ್ಯಾಸದಲ್ಲಿ ಹಲಗೆಯ ಹತ್ತಿರ ನಡೆದುಹೋಗಿ ನೋಡಿದಾಗ ಹತ್ತರಲ್ಲಿ ಏಳೆಂಟು ಸರಿಯಿರುತ್ತಿದ್ದವು. ಉಳಿದವಕ್ಕೆ ಬಿಸಿಲನ್ನು ದೂರುತ್ತಿದ್ದಳು.

ಇವತ್ತು ಆಯ್ಕೆಯ ದಿನ. ತಂಡಕ್ಕೆ ನಾಲ್ವರು ಬೇಕು. ಮೂವರ ಹೆಸರು ಬೆಳಿಗ್ಗೆಯೇ ಫಲಕಕ್ಕೆ ಏರಿತ್ತು. ನಾಲ್ಕನೆಯ ಜಾಗಕ್ಕೆ ತಂಗಿ ಮತ್ತು ಒಬ್ಬ ಉದ್ದನೆಯ ಹುಡುಗಿ ಎದುರಾಗಿದ್ದರು. ಐದು ಸುತ್ತು, ಸುತ್ತಿಗೆ ಮೂರು ಬಾಣ. ಗೆದ್ದವಳಿಗೆ ತರಬೇತಿ ಕೇಂದ್ರದಲ್ಲಿ ಒಂದು ಮಂಚ, ಮೂರು ಹೊತ್ತಿನ ಊಟ, ಇಲಾಖೆಯಲ್ಲಿ ಕಾಯಂ ಕೆಲಸ. ಇಪ್ಪತ್ತನಾಲ್ಕು ತುಂಬಿದವರಿಗೆ ಆ ಕೇಂದ್ರದಲ್ಲಿ ಪ್ರವೇಶವಿಲ್ಲ. ತಂಗಿಗೆ ಬರುವ ತಿಂಗಳು ಇಪ್ಪತ್ತನಾಲ್ಕು ತುಂಬುತ್ತಿತ್ತು. ಸೋತರೆ ಮನೆ. ಮನೆಯೆಂದರೆ, ಅಮ್ಮ ಹೋಟೆಲುಗಳ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವ ಉದ್ದ ಮೇಜಿನ ಇನ್ನೊಂದು ಬದಿ. ಸದ್ಯಕ್ಕೆ ಅಲ್ಲಿ ಅಕ್ಕ ನಿಲ್ಲುತ್ತಿದ್ದಳು.

ಆ ಮೇಜಿನ ಮೇಲ್ಗಡೆ ಗೋಡೆಗೆ ಒಂದು ಕಪ್ಪು ಗುಂಡಿಯನ್ನು ಅಕ್ಕ ಮೊಳೆಯಿಂದ ಹೊಡೆದಿದ್ದಳು. ಯಾರದೋ ಕೋಟಿನಿಂದ ಉದುರಿದ್ದು. ಅಕ್ಕನಿಗೆ ಆಗ ಹದಿನಾರು. ದಾರ ಬಿಡುವ ಹೊತ್ತಿಗೆ ರೆಪ್ಪೆ ಬಡಿದವರ ಬಾಣ ಕೆಡುತ್ತದೆ ಎಂದು ಅವಳೇ ಕಂಡುಕೊಂಡಿದ್ದಳು, ಯಾರೂ ಹೇಳಿಕೊಟ್ಟದ್ದಲ್ಲ. ದಿನಾ ಬೆಳಿಗ್ಗೆ ಆ ಗುಂಡಿಯ ಎದುರು ನಿಂತು ಎವೆಯಿಕ್ಕದೆ ನೋಡುವುದು, ಎಣಿಸುವುದು, ಸೆಕೆಂಡುಗಳನ್ನು ಪೆನ್ಸಿಲಿನಲ್ಲಿ ಗೋಡೆಯ ಮೇಲೆ ಬರೆಯುವುದು. ಮೊದಮೊದಲು ಕಣ್ಣಲ್ಲಿ ನೀರು ಸುರಿಯುತ್ತದೆ. ಕೆಲವು ತಿಂಗಳಾದ ಮೇಲೆ ಸುರಿಯುವುದಿಲ್ಲ. ಅದನ್ನು ಅವಳು ಗೆಲುವೆಂದೇ ತಿಳಿದಿದ್ದಳು. ಎರಡು ಸಲ ಪದಕ ಬಂತು. ಮೈದಾನದವರು 'ಗೂಬೆ' ಎಂದು ಹೆಸರಿಟ್ಟರು. ತಂಗಿ ಹತ್ತು ವರ್ಷದವಳಾದಾಗ ಅವಳನ್ನೂ ಗುಂಡಿಯ ಎದುರು ನಿಲ್ಲಿಸಿದಳು. ಮೈದಾನಕ್ಕೆ ಮರಿಗೂಬೆಯೂ ಸಿಕ್ಕಿತು. ಅಕ್ಕನದು ನೂರಾ ಹದಿನೆಂಟು ಸೆಕೆಂಡು, ತಂಗಿಯದು ನೂರಾ ಇಪ್ಪತ್ನಾಲ್ಕು.

"ಎವೆ ಬಡಿಯದ ಕಣ್ಣು ಹೆಣಕ್ಕಿರೋದು," ಎನ್ನುತ್ತಿದ್ದಳು ಅಮ್ಮ, ಇಸ್ತ್ರಿಪೆಟ್ಟಿಗೆ ತಳ್ಳುತ್ತ. "ಬೆಳಿಗ್ಗೆ ಬೆಳಿಗ್ಗೆ ಎರಡೆರಡು ನಿಂತಿರ್ತವೆ ನನ್ನೆದುರಿಗೆ."

"ಸೈಟು ಸರಿಸ್ಬೇಕಾದ್ರೆ ಕಣ್ಣು ನೆಟ್ಟಗಿರ್ಬೇಕಮ್ಮ," ಎಂದಿದ್ದಳು ತಂಗಿ ಒಮ್ಮೆ.

"ಮೊದ್ಲು ಸೈಟು ತಗೊಳ್ಳೋ ಯೋಗ್ಯತೆ ಬರ್ಲಿ, ಆಮೇಲೆ ಸರ್ಸೀರಂತೆ."

ಅಕ್ಕ ಕಣ್ಣಿನ ಡಾಕ್ಟರ ಹತ್ತಿರ ಹೋದದ್ದು ಆಟ ಬಿಟ್ಟ ಮೇಲೆ, ಯಾರಿಗೂ ಹೇಳದೆ. ಡಾಕ್ಟರಮ್ಮ ಹಳದಿ ಬಣ್ಣದ ಹನಿ ಹಾಕಿ ನೀಲಿ ಬೆಳಕು ಬಿಟ್ಟು ನೋಡಿದರು.

"ರೆಪ್ಪೆ ಹೊಡೀರಿ."

"ಹೊಡೆದೆ."

"ಇಲ್ಲಮ್ಮ, ಅರ್ಧಕ್ಕೇ ನಿಲ್ತು. ಪೂರ್ತಿ ಮುಚ್ಚಿ."

ಪೂರ್ತಿ ಮುಚ್ಚಿದ್ದೇನೆಂದೇ ಅಕ್ಕ ಅಂದುಕೊಂಡಿದ್ದಳು. ಕೇಳಿದಾಗ ಗುಂಡಿಯ ವಿಷಯ ಹೇಳಿದಳು. ಡಾಕ್ಟರಮ್ಮ ಕುರ್ಚಿ ಹಿಂದಕ್ಕೆ ಸರಿಸಿದರು. ಕಣ್ಣಿನ ಮೇಲೆ ನೀರಿನದೊಂದು ತೆಳು ಪದರ ಇರುತ್ತದೆ, ರೆಪ್ಪೆ ಬಡಿದಾಗಲೆಲ್ಲ ಅದು ಹೊಸದಾಗಿ ಹರಡಿಕೊಳ್ಳುತ್ತದೆ ಎಂದರು. "ನೀವು ಹತ್ತು ವರ್ಷ ಅದನ್ನ ಹರಡೋಕೇ ಬಿಟ್ಟಿಲ್ಲ. ಒಣಗಿ ಒಣಗಿ ಗಾಯ ಆಗಿದೆ. ಬಲಗಣ್ಣಲ್ಲಿ ಕಲೆ ಕೂತಿದೆ."

"ಹೋಗುತ್ತಾ?"

"ಕಲೆ ಹೋಗೋದು ಕಷ್ಟ. ಇದ್ದದ್ದನ್ನ ಉಳಿಸ್ಕೋಬಹುದು. ಈ ಥರ ದಿಟ್ಟಿಸೋ ಹುಚ್ಚು ಇನ್ಯಾರಿಗಾದ್ರೂ ಕಲಿಸಿದೀರಾ?"

"ತಂಗಿಗೆ."

"ಕರ್ಕೊಂಡ್ ಬನ್ನಿ. ಈಗ್ಲೇ ಬಂದ್ರೆ ಒಳ್ಳೇದು."

ಅಕ್ಕ ಕರೆತರಲಿಲ್ಲ. ಆಯ್ಕೆ ಮುಗಿಯಲಿ ಎಂದುಕೊಂಡಳು. ಕಣ್ಣಿಗೆ ಹಾಕುವ ಹನಿಯ ಶೀಷೆಯನ್ನು ಗಂಜಿಪುಡಿಯ ಡಬ್ಬಿಯಲ್ಲಿ ಬಚ್ಚಿಟ್ಟಳು. ಮಾರನೆಯ ಬೆಳಿಗ್ಗೆ ತಂಗಿ ಗುಂಡಿಯ ಎದುರು ನಿಂತಾಗ ಎಂದಿನಂತೆ ಪಕ್ಕದಲ್ಲಿ ನಿಂತು ಎಣಿಸಿದಳು.

ಇವತ್ತು ಮನೆ ಬಿಡುವಾಗ ಆ ಶೀಷೆಯನ್ನು ರವಿಕೆಯೊಳಗೆ ಇಟ್ಟುಕೊಂಡು ಬಂದಿದ್ದಳು. ಉಗ್ರಾಣದ ಗೋಡೆಯ ಮರೆಯಲ್ಲಿ ಹನಿ ಹಾಕಿಕೊಂಡು ಈಚೆ ಬಂದರೆ ಉಗ್ರಾಣದ ಮುದುಕ ಎದುರಾದ. ಬಾಣ ಕೀಳುವುದು, ಹಲಗೆ ಹೊರುವುದು ಅವನ ಕೆಲಸ.

"ಏನಮ್ಮ ದೊಡ್ಡ ಗೂಬೆ, ಕಣ್ಣಿಗೆ ಎಣ್ಣೆ ಬಿಟ್ಕೊಂಡೇ ಬಂದಿದೀಯಾ? ಮರಿ ಗೆಲ್ಲುತ್ತಾ?"

"ಗೆಲ್ಲದೆ ಏನ್ಮಾಡುತ್ತೆ ತಾತ."

ಎರಡು ಸುತ್ತು ತಂಗಿ ಗೆದ್ದಳು, ಎರಡು ಸುತ್ತು ಉದ್ದನೆಯ ಹುಡುಗಿ. ಈ ಪಂದ್ಯದಲ್ಲಿ ಆಟಗಾರರು ಹಲಗೆಯ ಹತ್ತಿರ ಹೋಗುವಂತಿರಲಿಲ್ಲ. ಆಚೆ ನಿಂತವರು ಅಂಕ ಬರೆದು ಕೂಗುತ್ತಿದ್ದರು. ಮೂರನೆಯ ಸುತ್ತಿನಲ್ಲಿ ಅಕ್ಕ ಹೇಳಿದ ಲೆಕ್ಕಕ್ಕೆ ಇಪ್ಪತ್ತೆಂಟು ಆಗಬೇಕಿತ್ತು. ಆಚೆಯಿಂದ ಬಂದದ್ದು ಇಪ್ಪತ್ತೈದು. ತಂಗಿ ತಿರುಗಿ ನೋಡಿದಳು.

"ಗೆರೆ ಮೇಲಿತ್ತು," ಎಂದಳು ಅಕ್ಕ. "ಒಳಗಿದೆ ಅಂದ್ಕೊಂಡೆ."

"ಸರಿ ಬಿಡು."

ಮಧ್ಯಾಹ್ನ ಏರಿದ ಹಾಗೆ ಒಣಗಾಳಿ ಎದ್ದಿತು. ಮೈದಾನದ ಕೆಂಪು ಧೂಳು ಮೊಣಕಾಲೆತ್ತರಕ್ಕೆ ಏಳುತ್ತಿತ್ತು. ಅಕ್ಕನ ಬಲಗಣ್ಣಿನಲ್ಲಿ ಮರಳು ಸಿಕ್ಕಿಕೊಂಡ ಹಾಗೆ ಚುಚ್ಚುತ್ತಿತ್ತು. ಬೆವರು ಒರೆಸುವ ನೆಪದಲ್ಲಿ ಬೆರಳ ಗೆಣ್ಣಿನಿಂದ ರೆಪ್ಪೆಯನ್ನು ಕೆಳಕ್ಕೆ ಒತ್ತಿ ಬಿಟ್ಟರೆ ಒಂದು ಕ್ಷಣ ಎಲ್ಲ ನಿಚ್ಚಳ. ಹಳದಿ ಹಳದಿಯಾಗಿ, ಕೆಂಪು ಕೆಂಪಾಗಿ ನಿಲ್ಲುತ್ತಿತ್ತು. ಬಾಣ ಹುಡುಕುವಷ್ಟರಲ್ಲಿ ಮತ್ತೆ ಮೊಟ್ಟೆ ಒಡೆಯುತ್ತಿತ್ತು.

ಕೊನೆಯ ಸುತ್ತು. ಒಂದು ಬಾಣ ಇವಳದು, ಒಂದು ಅವಳದು, ತಲಾ ಇಪ್ಪತ್ತು ಸೆಕೆಂಡು. ತಂಗಿ ಬಿಲ್ಲೆತ್ತಿದಳು. ಗಾಳಿ ಎಡದಿಂದ ಬೀಸುತ್ತಿತ್ತು. ಗೆರೆಯ ಪಕ್ಕದ ಬಾವುಟ ಬಲಕ್ಕೆ ನೆಟ್ಟಗಾಗಿತ್ತು. ತಂಗಿಯ ಗಲ್ಲ ದಾರಕ್ಕೆ ಒತ್ತಿತು, ಕಣ್ಣು ಕಲ್ಲಾಯಿತು. ಐದು, ಆರು, ಏಳು ಸೆಕೆಂಡು. ಎಂದಿಗಿಂತ ಹೆಚ್ಚು ಹೊತ್ತು ಹಿಡಿದಳು. ದಾರ ಬಿಟ್ಟಳು.

ಕೈ ಚೊಕ್ಕವಾಗಿತ್ತು. ಕೈಯಿಂದ ಏನೂ ಗೊತ್ತಾಗಲಿಲ್ಲ.

ಅಕ್ಕ ದುರ್ಬೀನಿಗೆ ಕಣ್ಣು ಒತ್ತಿದಳು. ಹಳದಿ, ಕೆಂಪು, ನೀಲಿ, ಎಲ್ಲ ಒಂದರೊಳಗೊಂದು. ತಂಗಿಯ ಬಾಣದ ಹಸಿರು ಗರಿ ಎಲ್ಲೂ ಇಲ್ಲ. ಗೆಣ್ಣಿನಿಂದ ರೆಪ್ಪೆ ಒತ್ತಿದಳು. ಏನೂ ನಿಚ್ಚಳವಾಗಲಿಲ್ಲ.

"ಅಕ್ಕಾ," ಎಂದಳು ತಂಗಿ. "ಎಲ್ಲಿ?"

ಕಾಣಲಿಲ್ಲ ಎಂದಿದ್ದರೆ ಸಾಕಿತ್ತು. ಗಾಳಿಗೆ, ಧೂಳಿಗೆ ಯಾರಿಗಾದರೂ ಕಾಣದೆ ಹೋಗಬಹುದು. ಮಾತು ನಾಲಿಗೆಯ ತುದಿಗೂ ಬಂತು. ಪಕ್ಕದಲ್ಲಿ ಉದ್ದನೆಯ ಹುಡುಗಿಯ ಕೋಚು ತನ್ನ ದುರ್ಬೀನಿನಲ್ಲಿ ನೋಡುತ್ತ ಬಾಯಲ್ಲಿ ಕಡ್ಡಿ ಆಡಿಸುತ್ತ ನಿಂತಿದ್ದ. ಅಕ್ಕ ಬಾವುಟ ನೋಡಿದಳು. ಇಷ್ಟು ಗಾಳಿ ಬಾಣವನ್ನು ಬಲಕ್ಕೆ ತಳ್ಳಿಯೇ ತಳ್ಳಿರುತ್ತದೆ.

"ಎಂಟು. ಮೂರು ಗಂಟೆಗೆ."

"ಬಲಕ್ಕಾ? ಸರಿಯಾಗಿ ನೋಡಿದ್ಯಾ?"

"ಬಲಕ್ಕೇ ಕಣೇ. ಮೂರು ಹಲ್ಲು."

ತಂಗಿ ತಿರುಪು ಹಿಡಿದಳು. ಟಕ್, ಟಕ್, ಟಕ್. ಆ ಸದ್ದು ಬಹಳ ದಿನಗಳ ಮೇಲೆ ಕೇಳಿಸಿದಂತೆ ಅಕ್ಕನಿಗೆ ಅನ್ನಿಸಿತು. ಯಾಕೆಂದು ಹೊಳೆಯಲಿಲ್ಲ.

ಎರಡನೆಯ ಬಾಣಕ್ಕೆ, "ಒಂಬತ್ತು, ಚೆನ್ನಾಗಿದೆ, ಹಂಗೇ ಬಿಡು," ಎಂದಳು. ಮೂರನೆಯದಕ್ಕೂ ಹಾಗೇ ಅಂದಳು.

ಆಚೆಯಿಂದ ಅಂಕ ಕೂಗಿದರು. ಉದ್ದನೆಯ ಹುಡುಗಿಗೆ ಇಪ್ಪತ್ತಾರು. ತಂಗಿಗೆ ಇಪ್ಪತ್ನಾಲ್ಕು.

ಉದ್ದನೆಯ ಹುಡುಗಿ ಬಿಲ್ಲು ಕೆಳಗಿಟ್ಟು ಮುಖ ಮುಚ್ಚಿಕೊಂಡು ಕೂತುಬಿಟ್ಟಳು. ತಂಗಿ ಅವಳ ಹತ್ತಿರ ಹೋಗಿ ಭುಜ ತಟ್ಟಿ ಬಂದಳು. ಆಮೇಲೆ ಬಿಲ್ಲಿನ ದಾರ ಬಿಚ್ಚತೊಡಗಿದಳು. ಮುದುಕ ಧೂಳಿನಲ್ಲಿ ಎಪ್ಪತ್ತು ಮೀಟರ್ ನಡೆದುಬಂದು ಮೂರು ಬಾಣಗಳನ್ನು ಅವಳ ಕೈಗಿಟ್ಟ.

"ಅಲ್ಲಮ್ಮಾ, ಹತ್ತು ಬಿದ್ಮೇಲೆ ಯಾವ ಪುಣ್ಯಾತ್ಮ ಸೈಟು ಮುಟ್ತಾನೆ? ಮೊದಲನೇದು ನಡುಮಧ್ಯಕ್ಕೇ ಕೂತಿತ್ತು. ಅಲ್ಲಿ ಹಲಗೆ ಹತ್ರ ಗಾಳೀನೇ ಇರ್ಲಿಲ್ಲ. ಉಳಿದೆರಡು ಎಡಕ್ಕೆ, ಏಳು, ಏಳು. ಅಂಟಿಕೊಂಡಿದ್ವು, ಮಧ್ಯೆ ಬೆರಳು ಹೋಗಲ್ಲ. ಕೈ ಅಷ್ಟು ಗಟ್ಟಿ ಇಟ್ಕೊಂಡು ಸೋತೋರನ್ನ ನಾನು ನೋಡೇ ಇಲ್ಲ." ಅವನು ಅಕ್ಕನ ಕಡೆ ತಿರುಗಿದ. "ನೀನೇನು ನಿದ್ದೆ ಮಾಡ್ತಿದ್ಯಾ?"

ಅಕ್ಕ ದುರ್ಬೀನಿನ ಕಾಲುಗಳನ್ನು ಮಡಚಿದಳು. ಒಂದು ಕಾಲು ಸಿಕ್ಕಿಕೊಂಡು ಮಡಚಲು ಬರಲಿಲ್ಲ.

ಬಸ್ ನಿಲ್ದಾಣದ ಸಿಮೆಂಟಿನ ಬೆಂಚಿನ ಮೇಲೆ ಇಬ್ಬರೂ ಕೂತರು. ಬಿಲ್ಲಿನ ಚೀಲ ಇಬ್ಬರ ನಡುವೆ ಇತ್ತು. ಎದುರಿನ ಗ್ಯಾರೇಜಿನಲ್ಲಿ ಯಾರೋ ಟೈರಿಗೆ ಗಾಳಿ ತುಂಬುತ್ತಿದ್ದರು.

"ನಿಂಗೆ ಕಾಣಲ್ಲ ಅಲ್ವಾ?" ಎಂದಳು ತಂಗಿ.

"ಇಲ್ಲ."

"ಗೊತ್ತಿತ್ತು."

"ಯಾವಾಗಿಂದ?"

"ಹೋದ ವರ್ಷದಿಂದ. ನೀನು ದುರ್ಬೀನು ಬಿಟ್ಟು ನನ್ನ ಕೈ ನೋಡ್ತಿರ್ತಿದ್ದೆ. ನಾನೇನು ಕುರುಡೀನಾ?"

ಅಕ್ಕ ಅವಳತ್ತ ತಿರುಗಿದಳು. "ಮತ್ತೆ ನಾನು ಹೇಳ್ದಾಗೆಲ್ಲ ಸೈಟು ತಿರುಗಿಸ್ತಿದ್ಯಲ್ಲ?"

"ಕೈ ಇಡ್ತಿದ್ದೆ, ಅಷ್ಟೆ. ತಿರುಗಿಸ್ತಿರ್ಲಿಲ್ಲ. ನನ್ನ ಹಸಿರು ಗರಿ ಬರಿಗಣ್ಣಿಗೇ ಕಾಣ್ತಿತ್ತು ನಂಗೆ. ನಿಂಗ್ಯಾಕೆ ಹೇಳಿ ನೋಯಿಸೋದು ಅಂತ ಸುಮ್ನಿದ್ದೆ."

"ಇವತ್ತು ತಿರುಗಿಸಿದ್ಯಲ್ಲ."

"ಹೂಂ."

"ಯಾಕೆ?"

ತಂಗಿ ಬಿಲ್ಲಿನ ಚೀಲದ ಜಿಪ್ಪನ್ನು ಎಳೆದಳು, ಮತ್ತೆ ಮುಚ್ಚಿದಳು. "ಹಳದಿ ಎರಡೆರಡಾಗಿ ಕಾಣ್ತಿತ್ತು. ಸ್ವಲ್ಪ ದಿನದಿಂದ ಸಾಯಂಕಾಲದ ಹೊತ್ತು ಹಂಗಾಗ್ತಿತ್ತು. ಇವತ್ತು ಬೆಳಿಗ್ಗೆಯಿಂದ್ಲೇ ಶುರು. ಕೊನೇ ಸುತ್ತಲ್ಲಿ ಗರಿ ಕಾಣ್ಲೇ ಇಲ್ಲ. ನಂಗಿಂತ ನಿಂಗೆ ವಾಸಿ ಇರ್ಬೋದು ಅಂದ್ಕೊಂಡೆ."

ಗ್ಯಾರೇಜಿನ ಗಾಳಿಯ ಸದ್ದು ನಿಂತಿತು. ಅಕ್ಕ ರವಿಕೆಯೊಳಗಿನಿಂದ ಶೀಷೆ ತೆಗೆದಳು. ತಂಗಿ ಅದನ್ನು ನೋಡಿದಳು.

"ತಲೆ ಹಿಂದಕ್ಕೆ ಹಾಕು."

ಮೊದಲ ಹನಿ ಕೆನ್ನೆಯ ಮೇಲೆ ಬಿತ್ತು. ಎರಡನೆಯದು ಮೂಗಿನ ಪಕ್ಕಕ್ಕೆ. ತಂಗಿ ಅಕ್ಕನ ಮಣಿಕಟ್ಟು ಹಿಡಿದು ಶೀಷೆಯನ್ನು ತನ್ನ ಕಣ್ಣಿನ ನೇರಕ್ಕೆ ತಂದುಕೊಂಡಳು. ಮೂರನೆಯದು ಒಳಗೆ ಬಿತ್ತು.

"ಈಗ ಕಣ್ಣು ಮುಚ್ಚು."

"ಮುಚ್ಚಿದೀನಲ್ಲ."

ಅಕ್ಕ ಗೇಣು ದೂರಕ್ಕೆ ಬಾಗಿದಳು. ರೆಪ್ಪೆಯ ಕೆಳಗೆ ಬಿಳಿ ಗುಡ್ಡೆ ಒಂದು ಗೆರೆಯಷ್ಟು ಕಾಣುತ್ತಿತ್ತು. ಹನಿ ಅಲ್ಲಿಂದಲೇ ಹೊರಕ್ಕೆ ಜಾರುತ್ತಿತ್ತು. ಅವಳು ಹೆಬ್ಬೆರಳನ್ನು ಆ ರೆಪ್ಪೆಯ ಮೇಲಿಟ್ಟು ಮೆಲ್ಲಗೆ ಕೆಳಕ್ಕೆ ಎಳೆದಳು, ಹಾಗೇ ಹಿಡಿದಳು.

ಬಸ್ಸು ಬಂತು. ಹತ್ತುವವರು ಹತ್ತಿದರು. ಕಂಡಕ್ಟರು ಇವರತ್ತ ನೋಡಿ ಎರಡು ಸಲ ಬಾಗಿಲು ಬಡಿದ, ಆಮೇಲೆ ಸೀಟಿ ಊದಿದ. ಬಸ್ಸು ಹೋಯಿತು. ಅಕ್ಕ ಹೆಬ್ಬೆರಳು ತೆಗೆಯಲಿಲ್ಲ.