ಚುಚ್ಚದ ಮೂಲೆ

ನಾನು ಕಾಗದದ ಮೂಲೆ ಕತ್ತರಿಸುವ ಯಂತ್ರ. ನೀವು ನನ್ನ ಹೆಸರು ಕೇಳಿರಲಿಕ್ಕಿಲ್ಲ, ಅದರಲ್ಲಿ ನಿಮ್ಮ ತಪ್ಪೇನಿಲ್ಲ. ಮುದ್ರಣಾಲಯಕ್ಕೆ ಬಂದವರ ಕಣ್ಣು ಧಡಧಡ ಎನ್ನುವ ದೊಡ್ಡ ಯಂತ್ರದ ಮೇಲೆಯೇ ಬೀಳುತ್ತದೆ. ನಾನೋ ಮೊಳದುದ್ದದ ಎರಕದ ಕಬ್ಬಿಣ. ಹಿಡಿಕೆ ಒತ್ತಿದರೆ ಕಟಕ್ ಎಂದು ರಟ್ಟಿನ ಒಂದು ಮೂಲೆ ದುಂಡಗಾಗುತ್ತದೆ. ನನಗೆ ಬರುವ ವಿದ್ಯೆ ಅಷ್ಟೇ.

ಹುಟ್ಟಿದ್ದು ಅಮೃತಸರದ ಒಂದು ಕಾರ್ಖಾನೆಯಲ್ಲಿ. ಹುಲ್ಲು ತುಂಬಿದ ಪೆಟ್ಟಿಗೆಯೊಳಗೆ ಕುಳಿತು ರೈಲಿನಲ್ಲಿ ಗದಗಿಗೆ ಬಂದೆ. ಕೊಂಡವರು ಶಂಕ್ರಣ್ಣ ಮುಳಗುಂದ, ಲಗ್ನಪತ್ರಿಕೆ ಅಚ್ಚುಹಾಕುವುದರಲ್ಲಿ ಊರಿಗೇ ಹೆಸರಾದವರು. ಆಗ ದುಂಡು ಮೂಲೆಯ ಪತ್ರಿಕೆಗೆ ಜನ ಮುಗಿಬೀಳುತ್ತಿದ್ದರು. ಎರಡೇ ವರ್ಷ. ಆಮೇಲೆ ಅದೇ ಜನಕ್ಕೆ ಚೌಕ ಮೂಲೆಯೇ ಚೆಂದವಾಯಿತು. ನಾನು ಹಳೆಯ ಪ್ರೂಫುಗಳ ಅಡಿ ಸೇರಿ ಧೂಳು ತಿನ್ನತೊಡಗಿದೆ.

ನನ್ನ ಮೇಜಿನ ಕೆಳಗೆ ಇನ್ನೊಂದು ಜೀವ ಕೂತಿರುತ್ತಿತ್ತು. ಅವಳು ಶಂಕ್ರಣ್ಣನವರ ಮಗಳು ನಿಂಬವ್ವ, ಆರು ವರ್ಷದ ತಾಯಿಯಿಲ್ಲದ ಮಗು. ಮಾತು ಬಂದಿರಲಿಲ್ಲ. ಬುದ್ಧಿ ನಿಧಾನ ಎಂದು ಶಾಲೆಯವರು ಮನೆಗೆ ಕಳಿಸಿದ್ದರು. ಕೈಗೆ ಏನೇ ಸಿಗಲಿ, ಕೆನ್ನೆಗೆ ಒತ್ತಿಕೊಂಡು ಪರೀಕ್ಷಿಸುತ್ತಿದ್ದಳು. "ನಾ ಹೋದಮ್ಯಾಲೆ ಇಕಿ ಗತಿ ಏನು?" ಎಂದು ಶಂಕ್ರಣ್ಣ ಕೆಲಸದ ನಡುವೆ ತಮ್ಮಷ್ಟಕ್ಕೆ ಕೇಳಿಕೊಳ್ಳುತ್ತಿದ್ದರು.

ಒಂದು ದಿನ ಇಂದುಮತಿ ಎಂಬ ಶಿಕ್ಷಕಿ ಬಂದರು. ನಿಂಬವ್ವನಂಥ ಹನ್ನೊಂದು ಮಕ್ಕಳಿಗೆ ತಮ್ಮ ಮನೆಯ ಪಡಸಾಲೆಯಲ್ಲೇ ಪಾಠ ಹೇಳುತ್ತಿದ್ದರು. ಅವರಿಗೆ ಚಿತ್ರದ ಕಾರ್ಡುಗಳು ಬೇಕಿದ್ದವು. ಶಂಕ್ರಣ್ಣ ಕೆಟ್ಟುಹೋದ ಲಗ್ನಪತ್ರಿಕೆಗಳ ಹಿಂಬದಿಯಲ್ಲೇ ಅಚ್ಚುಹಾಕಿಕೊಟ್ಟರು. ಒಂದು ಬದಿಗೆ ಬಾಳೆಹಣ್ಣು, ಇನ್ನೊಂದು ಬದಿಗೆ ಯಾರದೋ ಮದುವೆಯ ಮುಹೂರ್ತ.

ಮೊದಲ ಕಾರ್ಡನ್ನು ನಿಂಬವ್ವನೇ ಎತ್ತಿ ಕೆನ್ನೆಗೆ ಒತ್ತಿದಳು. ಮೂಲೆ ಕಣ್ಣಿನ ಕೆಳಗೆ ಚುಚ್ಚಿ ರಕ್ತ ಬಂತು.

"ಬ್ಯಾಡ್ರಿ ಅಕ್ಕೋರ. ನಿಮ್ಮ ಕಾರ್ಡೂ ಬ್ಯಾಡ, ನಿಮ್ಮ ಸಾಲೀನೂ ಬ್ಯಾಡ," ಎಂದು ಶಂಕ್ರಣ್ಣ ಕಾರ್ಡುಗಳನ್ನು ಎಸೆದರು. ಅವು ಬಂದು ಬಿದ್ದದ್ದು ನನ್ನ ಮೇಲೆ. ಆರಿಸಿಕೊಳ್ಳಲು ಬಾಗಿದ ಇಂದುಮತಿ ನನ್ನ ಧೂಳು ಒರೆಸಿ ನೋಡಿದರು.

"ಶಂಕ್ರಣ್ಣಾರ, ಇದು ಏನ್ ಮಾಡ್ತೈತ್ರಿ?"

"ಅದಾ? ಮೂಲಿ ಕತ್ತರಸ್ತೈತಿ," ಎಂದ ಶಂಕ್ರಣ್ಣ ಮಗಳ ಕೆನ್ನೆಯ ಕಡೆ ನೋಡಿದರು. ಎದ್ದು ಹೋಗಿ ಎಣ್ಣೆಯ ಡಬ್ಬಿ ತಂದರು.

ಬಹಳ ದಿನಗಳ ಮೇಲೆ ನನ್ನ ಬಾಯಿ ಆಡಿತು. ಕಟಕ್, ಕಟಕ್, ನಾಲ್ಕು ಸಲ. ನಿಂಬವ್ವ ಹೆದರುತ್ತಲೇ ಕಾರ್ಡನ್ನು ಕೆನ್ನೆಗೆ ತಂದಳು. ತಿರುಗಿಸಿ ತಿರುಗಿಸಿ ನಾಲ್ಕೂ ಮೂಲೆ ಒತ್ತಿದಳು. "ಹ್ಞೂಂ," ಎಂದಳು. ಅಪ್ಪನ ಕಿವಿಗೆ ಬಿದ್ದ ಅವಳ ಮೊದಲ ಮಾತು ಅದು.

ಹೀಗೆ ಶಂಕ್ರಣ್ಣ, ಇಂದುಮತಿ ಸೇರಿ ಇಂಥ ಮಕ್ಕಳ ಕಾರ್ಡುಗಳಿಗೆಂದೇ 'ಮೆಲ್ಲಗೆ ಪ್ರಕಾಶನ' ಶುರುಮಾಡಿದರು. ಹೆಸರಿಗೆ ತಕ್ಕಂತೆ ಕಾರ್ಡುಗಳೂ ಮೆಲ್ಲಗೇ ಬರುತ್ತವೆ ಎಂದು ಊರವರು ನಗುತ್ತಿದ್ದರು. ನಿಜವೇ. ನಿಂಬವ್ವ ಒಪ್ಪದೆ ಒಂದು ಕಾರ್ಡೂ ಹೊಸಿಲು ದಾಟುತ್ತಿರಲಿಲ್ಲ. ಒಮ್ಮೆ 'ನೀರು' ಎಂದು ನಲ್ಲಿಯ ಚಿತ್ರ ಹಾಕಿದರು. ನಮ್ಮ ಓಣಿಯ ನಲ್ಲಿಯಲ್ಲಿ ನೀರು ಕಂಡವರಾರು? ನಿಂಬವ್ವ ಕಾರ್ಡನ್ನು ಅತ್ತ ಸರಿಸಿ, ಒಳಗಿನಿಂದ ತಾಮ್ರದ ಕೊಡ ಎಳೆದು ತಂದಿಟ್ಟಳು. ಓದಿದವರೆಲ್ಲ ಮುಖ ಮುಖ ನೋಡಿಕೊಂಡರು. ಮರುವಾರ ಕಾರ್ಡಿನ ಮೇಲೆ ಕೊಡ ಬಂತು.

ಹದಿನಾರಕ್ಕೆ ಅವಳು ನನ್ನ ಹಿಡಿಕೆ ಹಿಡಿದಳು. ಎಣಿಕೆ ಅವಳಿಗೆ ಕಡೆಗೂ ಒಲಿಯಲಿಲ್ಲ, ಆದರೆ ಒಂದು ಮೂಲೆಯನ್ನೂ ಬಿಟ್ಟವಳಲ್ಲ. ಬಿಟ್ಟಿದ್ದರೆ ಕೆನ್ನೆ ಹೇಳುತ್ತಿತ್ತು. "ಚುಚ್ತೈತಿ" ಎಂಬುದು ಅವಳ ಎರಡನೆಯ ಮಾತು. ಇಪ್ಪತ್ತೈದು ವರ್ಷ ನಾವಿಬ್ಬರೂ ಒಟ್ಟಿಗೆ ದುಡಿದೆವು. ಇಷ್ಟು ಸುಖ ಎಲ್ಲ ಯಂತ್ರಕ್ಕೂ ಸಿಗುವುದಿಲ್ಲ, ಅದು ನನಗೆ ಗೊತ್ತು.

ಹೊರಗಿನ ಜಿಲ್ಲೆಗಳ ಶಾಲೆಗಳೂ ಕಾರ್ಡು ಕೇಳತೊಡಗಿದವು. ನಮ್ಮಿಬ್ಬರ ಕೈಯಲ್ಲಿ ಅದು ಆಗುವ ಮಾತಲ್ಲ. ಇಂದುಮತಿ ಒಂದು ದೊಡ್ಡ ಯಂತ್ರ ತರಿಸಲು ಹೇಳಿದರು. ಒಂದೇ ಏಟಿಗೆ ಹಾಳೆಯಿಂದ ಹದಿನಾರು ಕಾರ್ಡು, ದುಂಡು ಮೂಲೆ ಸಮೇತ. ಶಂಕ್ರಣ್ಣನವರಿಗೆ ಆಗಲೇ ಎಂಬತ್ತು. ಅವರು ಬೇಡವೆನ್ನಲಿಲ್ಲ. ಆದರೆ ನನ್ನ ಪಕ್ಕ ಬಂದು ಕೂತು ಹೇಳಿದರು: "ನಿನ್ನ ಎಲ್ಲೆರ ಇಡಬಹುದಪಾ. ಇಕಿನ್ನ ಎಲ್ಲಿ ಇಡ್ಲಿ?"

ನನಗೆ ಬೇಸರವಾಗಲಿಲ್ಲ. ನನ್ನ ಚಿಂತೆಯೂ ಅದೇ ಆಗಿತ್ತು.

ಯಂತ್ರ ಬಂತು. ಎರಡು ದಿನ ನಿಂಬವ್ವ ಕಾರ್ಡಿಲ್ಲದೆ ಬರಿದೇ ನನ್ನ ಹಿಡಿಕೆ ಒತ್ತುತ್ತ ನಿಂತಳು. ಮೂರನೆಯ ದಿನ ನೇರವಾಗಿ ಹೋಗಿ, ಕಟ್ಟಲು ಇಟ್ಟಿದ್ದ ಹೊಸ ಕಾರ್ಡೊಂದನ್ನು ಕೆನ್ನೆಗೆ ಒತ್ತಿದಳು.

"ಚುಚ್ತೈತಿ."

ಯಂತ್ರ ನಡೆಸಲು ಹುಬ್ಬಳ್ಳಿಯಿಂದ ಬಂದಿದ್ದವನು ಅಂಚಿನ ಮೇಲೆ ಬೆರಳಾಡಿಸಿ, "ಏನೂ ಇಲ್ರಿ," ಎಂದ. ಇಂದುಮತಿ ಕನ್ನಡಕ ತೆಗೆದು ಅದೇ ಕಾರ್ಡನ್ನು ತಮ್ಮ ಕೆನ್ನೆಗೆ ಇಟ್ಟರು. ಹಾಳೆಯಿಂದ ಕಾರ್ಡು ಬಿಡಿಸಿದ ಜಾಗದಲ್ಲಿ ಸಾಸಿವೆಗಿಂತ ಸಣ್ಣದೊಂದು ಮುಳ್ಳು ಉಳಿದಿತ್ತು.

"ಐತಿ," ಎಂದರು. "ಮಷೀನ್ ನಿಲ್ಲಸ್ರಿ. ನಿಂಬವ್ವಗ ಒಂದು ಕುರ್ಚಿ ತರ್ರಿ."

ಕುರ್ಚಿಯನ್ನು ಶಂಕ್ರಣ್ಣ ತಾವೇ ಹೊತ್ತು ತಂದರು. ಹೊಸ ಯಂತ್ರದ ಬಾಯಿಯ ಎದುರು ಅದನ್ನಿಟ್ಟು, ಮಗಳನ್ನು ಕೂರಿಸಿ, ಗೋಡೆಯ ಕಡೆ ತಿರುಗಿ ಅತ್ತರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಹೋದ ವರ್ಷ ಅವರು ತೀರಿಕೊಂಡರು. ಕುರ್ಚಿ ಅಲ್ಲೇ ಇದೆ, ಕಾರ್ಡುಗಳನ್ನು ಕೆನ್ನೆಗೆ ಒತ್ತಿ ನೋಡುತ್ತ ನಿಂಬವ್ವನೂ ಅಲ್ಲೇ ಇದ್ದಾಳೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರುವವಳು ಅವಳೇ.

ನಾನು ಕಿಟಕಿಯ ಬಳಿ ಇದ್ದೇನೆ. ನನ್ನ ಬಾಯಿ ಮೊಂಡಾಗಿದೆ, ಅಲ್ಲಲ್ಲಿ ತುಕ್ಕು ಎದ್ದಿದೆ. ಸಂಜೆ ಮನೆಗೆ ಹೊರಡುವ ಮುನ್ನ ನಿಂಬವ್ವ ನನ್ನ ಹತ್ತಿರ ಬಂದು ಬಾಗುತ್ತಾಳೆ. ತುಕ್ಕು ತಾಗೀತೆಂದು ನನಗೆ ಪ್ರತಿ ಸಲವೂ ಭಯ. ಅವಳು ಹಿಡಿಕೆಗೆ ಕೆನ್ನೆಯೊತ್ತುತ್ತಾಳೆ.

"ಹ್ಞೂಂ," ಎನ್ನುತ್ತಾಳೆ.