ಬಾತ್‌ಟಬ್ಬಿಗೆ ಬಂದ ಕಡಲ ಬಾತು

ಶುಕ್ರವಾರ ಬೆಳಿಗ್ಗೆ ಕೊಲ್ಲಿ ನಾಡಿನ ಅಬು ಹಲೀಫಾದಲ್ಲಿ ಮಂಗಳಾಳ ಮನೆಯ ಬಾಗಿಲು ತಟ್ಟಿದವನು ಕೆಳಗಿನ ಮಹಡಿಯ ಡೋಲ್ಫಿ. ಉಳ್ಳಾಲದವನು, ರಜೆಯ ದಿನ ಗಾಳ ಹಿಡಿದು ಕಡಲ ದಂಡೆಗೆ ಹೋಗದಿದ್ದರೆ ಅವನಿಗೆ ಸಮಾಧಾನವಿಲ್ಲ. ಆವತ್ತು ಅವನ ಕೈಯಲ್ಲಿ ಮೀನಿರಲಿಲ್ಲ. ಜಾಕೆಟ್ಟಿನಲ್ಲಿ ಸುತ್ತಿದ ಕರ್ರಗಿನದೇನೋ ಒದೆಯುತ್ತಿತ್ತು.

“ಡಾಕ್ಟ್ರೇ, ನೀರುಕಾಗೆ ಒಂದು. ಯಾವುದೋ ಬೋಟಿನವರು ಆಯಿಲ್ ಚೆಲ್ಲಿದ್ದಾರೆ ಮಾರಾಯ್ರೆ. ಬಂಡೆ ಮೇಲೆ ನಡುಗ್ತಾ ಕೂತಿತ್ತು. ಎಂತ ಮಾಡುದೂಂತ ಗೊತ್ತಾಗ್ಲಿಲ್ಲ.”

ಮಂಗಳಾ ಜಾಕೆಟ್ ಬಿಡಿಸಿದಳು. ಸಪೂರವಾದ ಕೆಂಪು ಕೊಕ್ಕು, ಅದರ ಅಂಚಿಗೆ ಗರಗಸದಂಥ ಹಲ್ಲು, ತಲೆಯ ಹಿಂದೆ ಕೆದರಿದ ಜುಟ್ಟು. ಪುಸ್ತಕದಲ್ಲಿ ಮಾತ್ರ ನೋಡಿದ್ದ ಹಕ್ಕಿ.

“ಇದು ನೀರುಕಾಗಿ ಅಲ್ಲರೀ. ಬಾತು. ಮರ್ಗ್ಯಾನ್ಸರ್ ಅಂತಾರ, ಕಡಲ ಬಾತು. ರಷ್ಯಾದ ಕಡಿಂದ ಚಳಿಗಾಲಕ್ಕ ಬಂದೈತಿ. ಇಲ್ಲಿಗೆ ಬರೂದು ಭಾಳ ಅಪರೂಪ.”

ಬೀದರಿನಲ್ಲಿ ಪಶುವೈದ್ಯಕೀಯ ಓದಿದ ಮಂಗಳಾ, ಮದುವೆಗೆ ಮೊದಲು ಜಮಖಂಡಿಯ ಸುತ್ತಲಿನ ಹಳ್ಳಿಗಳಲ್ಲಿ ಎಮ್ಮೆಗಳಿಗೆ ಹೆರಿಗೆ ಮಾಡಿಸಿದವಳು. ಗಂಡ ಬಸವಂತ ತೈಲ ಕಂಪನಿಯಲ್ಲಿ ಟೆಕ್ನಿಷಿಯನ್. ಈಗ ಅವಳಿಗೆ ಪಕ್ಕದ ಎಗೈಲಾದ ಕ್ಲಿನಿಕ್ಕೊಂದರಲ್ಲಿ ಬೆಕ್ಕುಗಳ ಚಾಕರಿ. ವಿಸಿಟ್ ವೀಸಾದ ಮೇಲೆ ಬಂದಿದ್ದ ಅತ್ತೆ ಅನ್ನಪೂರ್ಣೆವ್ವ ಒಮ್ಮೆ ಅಲ್ಲಿಗೆ ಹೋಗಿ ನೋಡಿ, ಮನೆಗೆ ಬಂದು ಮಗನನ್ನು ಕೇಳಿದ್ದರು: “ಬೆಕ್ಕಿನ ಉಗುರು ತಗ್ಯಾಕ ಇಷ್ಟ್ ಓದಬೇಕೇನೋ?”

ಶುಕ್ರವಾರ ಕ್ಲಿನಿಕ್ಕಿಗೆ ರಜೆ. ಮಂಗಳಾ ಬಾತನ್ನು ನೇರ ಬಚ್ಚಲಿಗೆ ಒಯ್ದು, ಹೀಟರ್ ಹಚ್ಚಿ, ಟವೆಲ್ ಹಾಸಿದ ರಟ್ಟಿನ ಡಬ್ಬಿಯಲ್ಲಿ ಇಟ್ಟಳು.

“ತೊಳೀಲಿಕ್ಕೆ ಬಿಸಿನೀರು ಬಿಡ್ಲಾ?” ಡೋಲ್ಫಿ ಅಂಗಿಯ ತೋಳು ಮಡಚಿದ.

“ಈಗ ತೊಳದ್ರ ಸಾಯ್ತೈತಿ. ಮೈ ಬೆಚ್ಚಗಾಗಲಿ, ಹೊಟ್ಟಿಗೆ ಏನರ ಬೀಳಲಿ. ನೀವು ಸಣ್ಣ ಮೀನು ತಂದುಕೊಡ್ರಿ.”

ಮೀನು ಎಂದದ್ದೇ ತಡ, ಅನ್ನಪೂರ್ಣೆವ್ವ ಅಡುಗೆಮನೆಯಿಂದ ಹೊರಬಂದರು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ಈ ಮನೆಯಲ್ಲಿ ಮೊಟ್ಟೆಯೂ ಬೇಯುವುದಿಲ್ಲ. “ನಮ್ಮ ಮನ್ಯಾಗ ಮೀನs?” ಎಂದವರೇ ಸೆರಗಿನಿಂದ ಮೂಗು ಮುಚ್ಚಿದರು. ಮಂಗಳಾ ಆಗಲೇ ನಳಿಗೆಯಿಂದ ಬಾತಿನ ಗಂಟಲಿಗೆ ಉಪ್ಪು-ಸಕ್ಕರೆಯ ದ್ರಾವಣ ಇಳಿಸುತ್ತಿದ್ದಳು.

ಡೋಲ್ಫಿ ತಂದ ಬೂತಾಯಿ ಮೀನಿನ ಮರಿಗಳನ್ನು ಸಂಜೆಗೆ ಬಾತು ತಾನಾಗಿಯೇ ನುಂಗಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅನ್ನಪೂರ್ಣೆವ್ವ ಕೇಳಿದರು, “ಹೆಣ್ಣೋ ಗಂಡೋ?”

“ಹೆಣ್ಣರೀ ಅತ್ತಿ. ನೆಲದ ಮ್ಯಾಲ ಪೊದಿಯೊಳಗ ತತ್ತಿ ಇಡ್ತೈತಿ. ತನ್ನ ಎದಿ ಪುಕ್ಕಾನ ಕಿತ್ತು ತತ್ತಿಗೆ ಹಾಸಿಗಿ ಮಾಡ್ತೈತಿ. ಕಾವು ಕುಂತ ಮ್ಯಾಲ ಗಂಡು ಬಿಟ್ಟು ಹೋಗ್ತೈತಿ.”

“ಎಲ್ಲಿಗೆ?”

“ಕಡಲಿಗೆ.”

“ಮೂಳ,” ಎಂದರು ಅನ್ನಪೂರ್ಣೆವ್ವ. “ಮರಿ?”

“ಹುಟ್ಟಿ ಒಂದೆರಡು ದಿನದಾಗ ತಾಯಿ ಹಿಂದ ನೀರಿಗೆ ಇಳೀತಾವ. ತಮ್ಮ ಹೊಟ್ಟಿ ತಾವs ನೋಡ್ಕೋತಾವ. ತಾಯಿ ಕಾವಲು ಅಷ್ಟ.”

ಅತ್ತೆ ಸೆರಗನ್ನು ಮೂಗಿನಿಂದ ತೆಗೆದು, ಮೀನಿನ ತಟ್ಟೆಯನ್ನು ಬಾತಿನ ಹತ್ತಿರಕ್ಕೆ ಸರಿಸಿದರು. “ಅದರ ಊಟ ಅದು. ನಮಗೇನು.”

ಮರುದಿನ ಮಧ್ಯಾಹ್ನ ತೊಳೆಯಲು ಕೂತರು. ಬಸವಂತ ರೆಕ್ಕೆ ಒತ್ತಿ ಹಿಡಿದ. ಪಾತ್ರೆ ತೊಳೆಯುವ ಸೋಪನ್ನು ಬೆರೆಸಿದ ಬೆಚ್ಚನೆಯ ನೀರಿನಲ್ಲಿ ಮಂಗಳಾ ಪುಕ್ಕಗಳನ್ನು ಮೆಲ್ಲನೆ ತಡವುತ್ತ ಹೋದಳು. ಬಕೆಟ್ಟು ಬಕೆಟ್ಟು ಕರಿನೀರು ಹೋಯಿತು. ಕೊನೆಗೆ ಬೂದು ಬಣ್ಣದ ಬೆನ್ನು, ಕಂದು ತಲೆ, ಬಿಳಿ ಹೊಟ್ಟೆ ಕಾಣಿಸಿದವು. ಒಣಗಿದ ಮೇಲೆ ತುಂಬಿದ ಬಾತ್‌ಟಬ್ಬಿಗೆ ಬಿಟ್ಟರು.

ಬಾತು ತೇಲಿತು. ಆಮೇಲೆ ಅದರ ಎದೆ ತೊಯ್ದು ಭಾರವಾಗಿ, ಮೈ ನೀರಿನೊಳಗೆ ಇಳಿಯತೊಡಗಿತು, ಗಡಗಡ ನಡುಗಿತು. ಮಂಗಳಾ ಥಟ್ಟನೆ ಎತ್ತಿಕೊಂಡಳು.

“ಸೋಪು ಉಳದೈತಿ,” ಎಂದಳು. “ಒಂದೀಟು ಉಳದ್ರೂ ಪುಕ್ಕ ನೀರು ಕುಡೀತಾವ. ನನಗ ಹಕ್ಕಿ ತೊಳದು ರೂಢಿ ಇಲ್ಲ. ಮತ್ತೊಮ್ಮೆ ತೊಳದ್ರ ತಾಳ್ತೈತೋ ಇಲ್ಲೋ.”

“ಬಿಡು ಮಂಗಳಾ, ಯಾರಿಗರ ಗೊತ್ತಿದ್ದವರಿಗೆ ಕೊಡೂಣು,” ಎಂದ ಬಸವಂತ.

“ಯಾರ್ಗೋ ಯಾಕ?” ಅನ್ನಪೂರ್ಣೆವ್ವ ಒಳಗೆ ಬಂದೇ ಬಿಟ್ಟರು. “ಎಮ್ಮಿ ಹೊಟ್ಟ್ಯಾಗ ಕೈ ಹಾಕಿ ಅಡ್ಡ ಇದ್ದ ಕರಾ ತಿರುವಿ ತಗದಾಕಿ ಈಕಿ. ನಿಮ್ಮ ಕಾಕಾನ ಕೊಟ್ಟಿಗ್ಯಾಗ ನಾನs ಕಂದೀಲು ಹಿಡದು ನಿಂತಿದ್ನಿ. ಅವತ್ತs ಅಂದ್ಕೊಂಡೆ, ಈ ಹುಡುಗಿ ನಮ್ಮ ಮನಿಗೇ ಬರಬೇಕಂತ. ಏಳs ಯವ್ವಾ. ಹಕ್ಕಿ ಇತ್ತ ತಾ, ನಾ ಹಿಡಕೋತೀನಿ.”

ಇದನ್ನು ಅತ್ತೆ ಈವರೆಗೆ ಯಾರ ಮುಂದೆಯೂ ಹೇಳಿರಲಿಲ್ಲ. ಮಂಗಳಾ ಕಣ್ಣೊರೆಸಿಕೊಂಡು, ಶವರಿನ ತಲೆ ಕಳಚಿ ಪೈಪು ಹಿಡಿದಳು. ಅನ್ನಪೂರ್ಣೆವ್ವನ ಟವೆಲ್ ಹಾಸಿದ ಮಡಿಲಲ್ಲಿ ಬಾತು. ಬಿಸಿನೀರು ಪುಕ್ಕದ ಬುಡಕ್ಕೆ ಹೋಗುವಂತೆ ಹಾಯಿಸುತ್ತ ಹೋದಳು. ಬಾತು ಅತ್ತೆಯ ಹೆಬ್ಬೆರಳನ್ನು ಕಚ್ಚಿತು, ಅವರು ಬಿಡಲಿಲ್ಲ. ಒಂದು ಹೊತ್ತಿನಲ್ಲಿ ನೀರು ಪುಕ್ಕದ ಮೇಲೆ ನಿಲ್ಲದೆ ಹನಿಹನಿಯಾಗಿ ಉರುಳಿ ಬೀಳತೊಡಗಿತು.

“ಆತು,” ಎಂದಳು ಮಂಗಳಾ. “ಇನ್ನ ಉಳದಿದ್ದು ಅದರ ಕೆಲಸ.”

ಬಾತು ಆ ಕೆಲಸ ಮಾಡಿತು. ಮುಂದಿನ ದಿನಗಳಲ್ಲಿ ಟಬ್ಬಿನಲ್ಲಿ ತೇಲುತ್ತ, ಕೊಕ್ಕಿನಿಂದ ಒಂದೊಂದೇ ಪುಕ್ಕ ತೀಡಿ ಕೂಡಿಸಿಕೊಂಡಿತು. ಮನೆಯವರು ಡೋಲ್ಫಿಯ ಮನೆಯಲ್ಲಿ ಸ್ನಾನ ಮಾಡಿದರು.

ಮುಂದಿನ ಶುಕ್ರವಾರ ಎಲ್ಲರೂ ಎಣ್ಣೆಯಿಲ್ಲದ ದಂಡೆಯೊಂದನ್ನು ಹುಡುಕಿ ಹೋದರು. ಮಂಗಳಾ ಮೊಣಕಾಲಿನ ತನಕ ನೀರಿಗಿಳಿದು ಕೈ ಸಡಿಲಿಸಿದಳು. ಬಾತು ಮುಳುಗಿತು. ಎಲ್ಲರ ಕಣ್ಣೂ ನೀರಿನ ಮೇಲೆ. ಬಲು ದೂರದಲ್ಲಿ ಎದ್ದಾಗ ಕೊಕ್ಕಿನಲ್ಲಿ ಮೀನು ಮಿಂಚುತ್ತಿತ್ತು. ನುಂಗಿ, ಜುಟ್ಟು ಕೊಡವಿ, ನೀರಿನ ಮೇಲೆ ಪಟಪಟ ಓಡಿ, ಓಡುತ್ತಲೇ ಮೇಲೆದ್ದು ಅಲೆಗಳ ಮೇಲೆ ತಗ್ಗಿನಲ್ಲಿ ಹಾರಿಹೋಯಿತು. ಡೋಲ್ಫಿ ಸಿಳ್ಳೆ ಹಾಕಿದ. ಒದ್ದೆ ಬಟ್ಟೆಯಲ್ಲಿ ನಿಂತ ಮಂಗಳಾ ಎದೆ ತುಂಬ ಗಾಳಿ ಎಳೆದುಕೊಂಡಳು. ತಾನು ಡಾಕ್ಟರ್ ಎಂಬುದು ಈ ಊರಿಗೆ ಬಂದ ಮೇಲೆ ಮೊದಲ ಬಾರಿಗೆ ಮೈಯಿಡೀ ತಿಳಿಯಿತು.

ದಂಡೆಯ ಮೇಲೆ ಅನ್ನಪೂರ್ಣೆವ್ವ ಆಗಲೇ ಊರಿನ ತಂಗಿಗೆ ವಿಡಿಯೊ ಕಾಲ್ ಹಚ್ಚಿದ್ದರು. “ರಷ್ಯಾದಿಂದ ಬಂದಿತ್ತs! ಹುಡುಕ್ಕೊಂತ ನಮ್ಮ ಮನಿಗೇ ಬಂತು, ನನ್ನ ಸೊಸಿ ಹತ್ರ!”

“ಅತ್ತಿ, ಹುಡುಕ್ಕೊಂತ ಬರಲಿಲ್ಲರೀ, ಡೋಲ್ಫಿ ತಂದ್ರು,” ಎಂದಳು ಮಂಗಳಾ.

“ನೀ ಸುಮ್ಕಿರು,” ಎಂದ ಅತ್ತೆ ಫೋನನ್ನು ಅವಳ ಮುಖಕ್ಕೆ ತಿರುಗಿಸಿದರು. “ನೋಡು, ಈಕೀನs.”